ಎಂಟನೇ ಪುಟದ ಲಂಗರು

ವಕೀಲ ವೀರಣ್ಣನವರು ಕಾಗದದ ಮೇಲೆ ಹುಲಿ. ಎದುರಿಗೆ ಕೂತು ನೋಡಿದರೆ ಮಾತ್ರ, ಆ ನೋಟೀಸು ಬರೆದವರು ಇವರೇನಾ ಎಂದು ಅನುಮಾನ ಬರುತ್ತಿತ್ತು. ಹೊರಮಾವಿನಿಂದ ಹಲಸೂರಿನವರೆಗೆ ಎಷ್ಟೋ ಮನೆಗಳಲ್ಲಿ ಅವರ ನೋಟೀಸು ಒಂದು ಹೊತ್ತಿನ ಊಟ ಕೆಡಿಸಿದೆ. ಅದನ್ನು ಹಿಡಿದುಕೊಂಡು ಸಾಲಗಾರ ನಡುಗುತ್ತಾ ಮೆಟ್ಟಿಲು ಹತ್ತಿ ಬಂದರೆ, ವೀರಣ್ಣನವರು ಮೊದಲು ಚಹಾ ತರಿಸುತ್ತಿದ್ದರು, ಆಮೇಲೆ ಮಕ್ಕಳು ಎಷ್ಟನೇ ಕ್ಲಾಸು ಎಂದು ಕೇಳುತ್ತಿದ್ದರು. ಊರಿನವರ ಬಾಕಿಯನ್ನೆಲ್ಲ ವಸೂಲಿ ಮಾಡಿಕೊಡುವ ಈ ಮನುಷ್ಯನಿಗೆ ತನ್ನ ಫೀಸು ಕೇಳಲು ಬಾಯಿಯೇ ಬರುತ್ತಿರಲಿಲ್ಲ. ಆ ಕೆಲಸವನ್ನು ಅವರ ಗುಮಾಸ್ತ ಮುಕ್ತಾರ್, ಐವತ್ತೈದು ದಾಟಿದವನು, ಎರಡು ಸಲ ಕೆಮ್ಮಿ ಮಾಡಿ ಮುಗಿಸುತ್ತಿದ್ದ.

ಆಫೀಸು ಶಿವಾಜಿನಗರದಲ್ಲಿ, ಹಾಸಿಗೆ ಅಂಗಡಿಯೊಂದರ ಮೇಲೆ. ಕೆಳಗೆ ಹತ್ತಿ ಹಿಂಜಿದರೆ ಮೇಲೆ ಕಕ್ಷಿದಾರರು ಸೀನುತ್ತಿದ್ದರು. ಕಲಬುರಗಿ ಸೀಮೆಯಿಂದ ಬಂದು ಇಪ್ಪತ್ತು ವರ್ಷವಾದರೂ ವೀರಣ್ಣನವರ ಕೈಯಲ್ಲಿದ್ದ ಗಟ್ಟಿ ಗಿರಾಕಿ ಒಬ್ಬನೇ: ಇಂದಿರಾನಗರದ ಭಾಗ್ಯನಿಧಿ ಫೈನಾನ್ಸಿನ ಮಾಲೀಕ ಕಿರಣಕುಮಾರ. ಆಟೋ, ಹೊಲಿಗೆ ಮೆಷಿನ್ನು, ಗ್ರೈಂಡರು ಇಂಥವಕ್ಕೆ ಸಾಲ ಕೊಡುವ ಕಂಪನಿ. ಅಲ್ಲಿಂದ ತಿಂಗಳಿಗೆ ಬರುವ ಮೊತ್ತದಲ್ಲೇ ರಾಮಮೂರ್ತಿನಗರದ ಮನೆ ಬಾಡಿಗೆ, ಮುಕ್ತಾರನ ಸಂಬಳ, ಎಲ್ಲವೂ ನಡೆಯಬೇಕು.

2006ರಲ್ಲಿ ಸಾಲ ಕೊಡುವ ಕಂಪನಿಗಳಿಗೆಲ್ಲ ಮೇಲಿನಿಂದ ಒಂದು ಸುತ್ತೋಲೆ ಬಂತು. ಸಾಲದ ಷರತ್ತುಗಳನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕಂತೆ. ಕಿರಣಕುಮಾರ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಬಂದ.

"ಸರ್, ಅಗ್ರಿಮೆಂಟ್ ಹನ್ನೊಂದು ಪೇಜಿದೆ. ಒಬ್ಬೊಬ್ಬರಿಗೂ ಓದ್ತಾ ಕೂತ್ರೆ ಸಾಲ ಕೊಡೋದ್ಯಾವಾಗ? ಒಂದು ಸೀಲು ಮಾಡ್ಸ್ಬಿಡೋಣ. ಓದಿ ಹೇಳಿದ್ದೀನಿ ಅಂತ ನೀವು ಕೆಳಗೆ ಸೈನ್ ಹಾಕಿ. ಅಡ್ವೊಕೇಟ್ ಸೈನ್ ಇದ್ರೆ ಆಡಿಟ್‌ನವ್ರು ಮಾತೇ ಆಡಲ್ಲ. ಸೈನಿಗೆ ಮೂವತ್ತು ರೂಪಾಯಿ ಬೇರೆ ಕೊಡ್ತೀನಿ."

ಸೀಲು ಬಂತು. 'ಈ ಕರಾರಿನ ಎಲ್ಲ ಷರತ್ತುಗಳನ್ನು ಸಾಲಗಾರರಿಗೆ ಅವರು ಬಲ್ಲ ಭಾಷೆಯಲ್ಲಿ ಓದಿ ಹೇಳಿ ಅರ್ಥ ಮಾಡಿಸಿದ್ದೇನೆ.' ಸಂಜೆಯ ಚಹಾದ ಹೊತ್ತಿಗೆ ಮುಕ್ತಾರ್ ಒಂದೊಂದೇ ಕರಾರಿಗೆ ಸೀಲು ಒತ್ತಿ ಮುಂದಕ್ಕೆ ತಳ್ಳುತ್ತಿದ್ದ, ವೀರಣ್ಣನವರು ಎಡಗೈಯಲ್ಲಿ ಬಿಸ್ಕತ್ತು ಅದ್ದುತ್ತಾ ಬಲಗೈಯಲ್ಲಿ ಸಹಿ ಹಾಕುತ್ತಿದ್ದರು. ಹೀಗೆ ಒಂದೇ ವರ್ಷದಲ್ಲಿ ಅವರು ಸುಮಾರು ಸಾವಿರದ ಇನ್ನೂರು ಜನರಿಗೆ, ಅವರ ಮುಖವನ್ನೇ ನೋಡದೆ, ಎಲ್ಲವನ್ನೂ ಓದಿ ಅರ್ಥ ಮಾಡಿಸಿದ್ದರು.

ಮನಸ್ಸಿಗೆ ಚುಚ್ಚುತ್ತಿರಲಿಲ್ಲವೇ ಎಂದರೆ, ಮೊದಮೊದಲು ಸ್ವಲ್ಪ ಚುಚ್ಚಿತ್ತು. ಆಮೇಲೆ ಬಿಸ್ಕತ್ತಿನ ಜೊತೆಗೆ ಅದೂ ಅಭ್ಯಾಸವಾಯಿತು.

ಮುನಿಗಂಗಮ್ಮ ಬಂದದ್ದು 2007ರ ಒಂದು ಬುಧವಾರ ಬೆಳಿಗ್ಗೆ. ಹೊರಮಾವಿನವಳು, ನಲವತ್ತರ ಆಸುಪಾಸು, ಕಂಕುಳಲ್ಲಿ ಬಟ್ಟೆಯ ಚೀಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಚೀಲದಿಂದ ಕರಾರಿನ ಪ್ರತಿ ತೆಗೆದು ಮೇಜಿನ ಮೇಲಿಟ್ಟಳು.

"ಈರಣ್ಣ ಲಾಯರ್ರು ಅಂದ್ರೆ ನೀವೇನಾ?"

"ಹೌದಮ್ಮ. ಏನಾಗ್ಬೇಕಿತ್ತು?"

"ದೋಸೆ ಹಿಟ್ಟು ರುಬ್ಬೋ ದೊಡ್ಡ ಮಿಷನ್‌ಗೆ ಸಾಲ ತಕ್ಕೊಂಡಿದ್ದೀನಿ. ಶುಕ್ರವಾರ ಮಿಷನ್ ಬತ್ತದೆ. ಈ ಪೇಪರ್‌ನ ನನ್ ಮಗ್ಳು ಓದುದ್ಲು. ಇಂಗ್ಲೀಷು ಅವ್ಳಿಗೂ ಪೂರ್ತಿ ಅರ್ಥ ಆಗ್ಲಿಲ್ಲ. ಕಡೇಲಿ ಮಾತ್ರ ಕನ್ನಡದಾಗೆ ಸೀಲು ಹೊಡ್ದವ್ರೆ. ನೀವು ನಂಗೆ ಎಲ್ಲಾನೂ ಓದೇಳಿ ಅರ್ಥ ಮಾಡ್ಸಿದ್ದೀರಂತೆ." ಅವಳು ಅವರ ಮುಖವನ್ನು ಒಂದು ಸಲ ಸರಿಯಾಗಿ ನೋಡಿದಳು. "ನಾನು ನಿಮ್ಮುನ್ನ ಇವತ್ತೇ ನೋಡ್ತಿರೋದು."

ಮುಕ್ತಾರ್ ತಟ್ಟನೆ ಬಗ್ಗಿ, ಕೆಳಗಿನ ಡ್ರಾಯರಿನಲ್ಲಿ ಇಲ್ಲದ ಏನನ್ನೋ ಹುಡುಕತೊಡಗಿದ.

"ಅದು ಏನಂದ್ರೆ ಅಮ್ಮ, ರೂಲ್ಸ್ ಪ್ರಕಾರ ಹಾಗೆ ಹಾಕ್ಲೇಬೇಕು," ಎಂದರು ವೀರಣ್ಣನವರು.

"ಹಾಕಿ. ನಾನೇನು ಬ್ಯಾಡ ಅಂದ್ನಾ? ಓದಿ ಹಾಕ್ಬೇಕಿತ್ತು, ಹಾಕೇ ಬುಟ್ಟಿದ್ದೀರ. ಈಗ್ಲಾದ್ರೂ ಓದಿ."

ಜಗಳಕ್ಕೆ ಬಂದವಳಾಗಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಇವಳು ಅಂಗಡಿಯಲ್ಲಿ ತೂಕ ಕಡಿಮೆ ಬಿದ್ದರೆ ಕೇಳುವಷ್ಟೇ ಸಹಜವಾಗಿ ಕೇಳುತ್ತಿದ್ದಳು. ಐದು ನಿಮಿಷದಲ್ಲಿ ಮುಗಿಸಿದರಾಯಿತೆಂದು ವೀರಣ್ಣನವರು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. ಮೊದಲ ವಾಕ್ಯವೇ ಹನ್ನೊಂದು ಸಾಲಿತ್ತು. ಅದನ್ನು ಕನ್ನಡಕ್ಕೆ ತರಲು ಹೋಗಿ ನಡುವೆ ಕರ್ತೃ ಯಾರೆಂಬುದೇ ತಪ್ಪಿಹೋಯಿತು. ಮತ್ತೆ ಮೊದಲಿನಿಂದ ಶುರು ಮಾಡಿದರು. ಮುನಿಗಂಗಮ್ಮ ಪ್ರತಿ ಷರತ್ತಿಗೂ "ಅಂದ್ರೆ?" ಎಂದಳು. ಜಾಮೀನು ನಿಂತ ತಮ್ಮನಿಂದಲೂ ಹಣ ಕೇಳಬಹುದು ಎಂಬಲ್ಲಿ, ಅವನು ಕುಡಿಯುವುದನ್ನೂ ಅವನ ಹೆಂಡತಿಯ ತವರನ್ನೂ ಸೇರಿಸಿ ಹದಿನೈದು ನಿಮಿಷ ಹೋಯಿತು. ಚಹಾ ಬಂತು. ಐದನೇ ಪುಟಕ್ಕೆ ಇನ್ನೊಂದು ಚಹಾ.

ಎಂಟನೇ ಪುಟದಲ್ಲಿ ವೀರಣ್ಣನವರ ದನಿ ಇದ್ದಕ್ಕಿದ್ದಂತೆ ಸಣ್ಣದಾಯಿತು.

"ಸಾಲಗಾರರು ಸದರಿ ವಸ್ತುವನ್ನು ಅದರ ಲಂಗರು, ಹಾಯಿ, ಹಗ್ಗ ಸಮೇತ ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು. ಕಂಪನಿಯ ಒಪ್ಪಿಗೆ ಇಲ್ಲದೆ ಬಂದರು ಬಿಟ್ಟು..." ಅಲ್ಲಿಗೆ ನಿಂತರು.

"ಯಾಕೆ ನಿಲ್ಸುದ್ರಿ? ಲಂಗರು ಅಂದ್ರೆ ಏನು?"

"ಹಡಗು ನಿಲ್ಲಿಸೋಕೆ ನೀರಿಗೆ ಬಿಡ್ತಾರಲ್ಲಮ್ಮ, ಕಬ್ಬಿಣದ್ದು."

"ನಾನು ಹಿಟ್ಟಿನ ಮಿಷನ್‌ಗಲ್ವಾ ಸಾಲ ತಕ್ಕೊಂಡಿರೋದು?"

"ಹೌದು."

"ಅದುನ್ನ ಎಲ್ಲಿ ತೇಲ್ಬಿಡ್ಲಿ ಸ್ವಾಮಿ? ಹೊರಮಾವು ಕೆರೇಲಿ ನೀರೇ ಇಲ್ವಲ್ಲ."

ಈ ಹಡಗು ಬಂದ ಬಗೆ ಹೀಗೆ. 1998ರಲ್ಲಿ ಕಿರಣಕುಮಾರ ಎರಡೇ ದಿನದಲ್ಲಿ ಕರಾರಿನ ನಮೂನೆ ಬೇಕೆಂದು ಕೂತಿದ್ದ. ವೀರಣ್ಣನವರು ಗೆಳೆಯರೊಬ್ಬರಿಂದ ಕರಾವಳಿಯ ಯಾವುದೋ ಕಂಪನಿಯ ನಮೂನೆ ತಂದರು. ಮೀನುಗಾರಿಕೆ ದೋಣಿಗೆ ಸಾಲ ಕೊಡುವವರದು. ದೋಣಿ ಎಂದಿದ್ದಲ್ಲೆಲ್ಲ ವಸ್ತು ಎಂದು ಬದಲಿಸುತ್ತಾ ಹೋಗಿ ಎಂದು ಮುಕ್ತಾರನಿಗೆ ಹೇಳಿದರು. ಮುಕ್ತಾರ್ ಪದವನ್ನು ಬದಲಿಸಿದ, ಲಂಗರಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಟೈಪಾದದ್ದನ್ನು ವೀರಣ್ಣನವರು ತಿದ್ದುತ್ತಾ ಎಂಟನೇ ಪುಟಕ್ಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಒಂಬತ್ತು ವರ್ಷದಿಂದ ಪೂರ್ವ ಬೆಂಗಳೂರಿನ ಆಟೋ ಡ್ರೈವರುಗಳು, ಟೈಲರುಗಳು, ಇಸ್ತ್ರಿ ಅಂಗಡಿಯವರು ಎಲ್ಲರೂ ತಮ್ಮ ಲಂಗರು ಹಾಯಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದಾಗಿ ಸಹಿ ಮಾಡುತ್ತಾ ಬಂದಿದ್ದರು. ಕಂಪನಿ ನೋಡಲಿಲ್ಲ, ಆಡಿಟ್‌ನವರು ನೋಡಲಿಲ್ಲ, ಬರೆದವರಂತೂ ನೋಡಲೇ ಇಲ್ಲ.

ಮೂವರೂ ನಕ್ಕರು. ಮುನಿಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಇರ್ಲಿ, ಮುಂದುಕ್ಕೆ ಓದಿ," ಎಂದಳು.

ಹತ್ತನೇ ಪುಟದಲ್ಲಿ ಅವಳ ನಗು ನಿಂತಿತು. ಕಂತು ತಪ್ಪಿದರೆ ಕಂಪನಿಯವರು ಮುನ್ಸೂಚನೆ ಇಲ್ಲದೆ, ಯಾವ ಹೊತ್ತಿನಲ್ಲಾದರೂ, ಮನೆಯೊಳಗೆ ಬಂದು ವಸ್ತುವನ್ನು ಒಯ್ಯಬಹುದು ಎಂದಿತ್ತು.

"ಯಾವ ಹೊತ್ತಾದ್ರೂ ಅಂದ್ರೆ?"

"ರಾತ್ರಿ ಆದ್ರೂ ಸರಿ ಅಂತಮ್ಮ," ಎಂದರು ವೀರಣ್ಣನವರು.

"ಮನೇಲಿ ನಾನು, ನನ್ ಮಗ್ಳು, ಇಬ್ರೇ ಇರೋದು ಸ್ವಾಮಿ."

ಇಂಗ್ಲಿಷಿನಲ್ಲಿ ಅದು ಬರಿಯ ಹದಿನೇಳನೇ ಷರತ್ತಾಗಿತ್ತು. ಬರೆದ ಒಂಬತ್ತು ವರ್ಷದಲ್ಲಿ ವೀರಣ್ಣನವರು ಅದನ್ನು ಕನ್ನಡದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಈಗ ತಮ್ಮ ಬಾಯಿಂದಲೇ ಕೇಳಿ ಅವರಿಗೆ ನಾಚಿಕೆಯಾಯಿತು. ಮನೆಯಲ್ಲಿ ಹೆಂಡತಿ ಸಂಗಮ್ಮ ಒಬ್ಬಳೇ ಇದ್ದಾಗ ಯಾರೋ ಹೀಗೆ ಬಾಗಿಲು ತಟ್ಟಿದರೆ ಎಂಬ ಯೋಚನೆಯೂ ಬಂತು. ಅವರು ಪೆನ್ನು ತೆಗೆದು ಆ ಷರತ್ತಿನ ಮೇಲೆ ಉದ್ದಕ್ಕೆ ಗೆರೆ ಎಳೆದರು. ಪಕ್ಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದರು: 'ಕಂತು ತಪ್ಪಿದಲ್ಲಿ ಏಳು ದಿನ ಮೊದಲು ಕೈಗೆ ಕಾಗದ ಕೊಟ್ಟು, ನಂತರ ಹಗಲು ಹೊತ್ತಿನಲ್ಲಿ ಬರತಕ್ಕದ್ದು. ವೀರಣ್ಣ, ಕಂಪನಿಯ ಪರ ವಕೀಲ.' ಮುಕ್ತಾರ್ ಕೇಳದೆಯೇ ಅದರ ಕೆಳಗೂ ಆಫೀಸಿನ ಸೀಲು ಒತ್ತಿದ.

ಹಾಗೆ ತಿದ್ದಲು ಅವರಿಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ಕಂಪನಿಯ ಪ್ರತಿ ಆಗಲೇ ಇಂದಿರಾನಗರ ಸೇರಿತ್ತು. ಅದನ್ನು ತರಿಸಿ ಅದರಲ್ಲೂ ತಿದ್ದಬೇಕು, ಕಿರಣಕುಮಾರನಿಗೆ ಸಮಯ ನೋಡಿ ಹೇಳಬೇಕು ಎಂದುಕೊಂಡರು. ಸಮಯ ಕೂಡಿಬರಲಿಲ್ಲ, ಅವರೂ ಅದಕ್ಕಾಗಿ ಬಹಳ ಒದ್ದಾಡಲಿಲ್ಲ.

ಏಳು ತಿಂಗಳು ಮುನಿಗಂಗಮ್ಮ ಕಂತು ತಪ್ಪಿಸಲಿಲ್ಲ. ಹೊರಮಾವಿನಲ್ಲಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟುಗಳಿಗೆಲ್ಲ ಅವಳ ಹಿಟ್ಟೇ ಹೋಗುತ್ತಿತ್ತು. ಎಂಟನೇ ತಿಂಗಳು ಕುದಿಯುವ ನೀರು ಕೈಮೇಲೆ ಚೆಲ್ಲಿ ಕೆಲಸ ನಿಂತಿತು, ಎರಡು ಕಂತು ಬಾಕಿಯಾಯಿತು. ಕೈ ಪೂರ್ತಿ ವಾಸಿಯಾಗುವ ಮೊದಲೇ ಅವಳು ಮತ್ತೆ ರುಬ್ಬಲು ಶುರು ಮಾಡಿದ್ದಳು. ಒಂದು ಬೆಳಿಗ್ಗೆ ಆರಕ್ಕೂ ಮುಂಚೆ, ಇನ್ನೂ ಬೆಳಕು ಹರಿಯುವ ಮೊದಲೇ, ಕಂಪನಿಯ ವಸೂಲಿಯವನು ಶೌಕತ್ ಟೆಂಪೊ ತಂದು ನಿಲ್ಲಿಸಿದ. ಆಳು ಬಾಗಿಲಷ್ಟಿದ್ದರೂ ಶೌಕತ್ ಮರ್ಯಾದಸ್ಥ. ಮುನಿಗಂಗಮ್ಮ ಅಂಚಿನ ಬರಹ ತೋರಿಸಿದಾಗ ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದ. ಎತ್ತಿಕೊಂಡು ಬಾ ಎಂದರು. ಅವನು ಗ್ರೈಂಡರಿನಲ್ಲಿದ್ದ ಹಿಟ್ಟನ್ನೆಲ್ಲ ಪಾತ್ರೆಗೆ ಬಳಿದುಕೊಟ್ಟು, ಕಲ್ಲು ತೊಳೆದು, "ಮಾಫ್ ಮಾಡಿ ಅಕ್ಕಾ," ಎಂದು ಹೇಳಿ ಎತ್ತಿಕೊಂಡು ಹೋದ. ಮರುವಾರ ಮುನಿಗಂಗಮ್ಮ ಉಚಿತ ಕಾನೂನು ನೆರವಿನವರ ಮೂಲಕ ದಾವೆ ಹೂಡಿದಳು. ಅಂದು ಅಂಚಿನಲ್ಲಿ ಬರೆದದ್ದೇ ಅವಳ ಪಾಲಿನ ಒಂದೇ ಸಾಕ್ಷಿ.

ದಾವೆಯ ಪ್ರತಿ ಹಿಡಿದು ಕಿರಣಕುಮಾರ ಬಂದಾಗ ಅವನ ಮುಖದಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು.

"ಸರ್, ಓದಿ ಹೇಳಿದ್ದೀನಿ ಅಂತ ಸೈನ್ ಹಾಕಿ ಅಂದ್ರೆ, ನಿಜವಾಗ್ಲೂ ಓದ್ಬಿಡೋದಾ?"

"ಆಯಮ್ಮ ಕೇಳಿದ್ಲು," ಎಂದರು ವೀರಣ್ಣನವರು.

"ಕೇಳ್ತಾರೆ ಸರ್, ಎಲ್ರೂ ಕೇಳ್ತಾರೆ. ನಂದು ಎರಡು ಸಾವಿರದ ಮೇಲೆ ಅಗ್ರಿಮೆಂಟಿದೆ. ಒಂದ್ರಲ್ಲಿ ನೀವು ತಿದ್ದಿದ್ದು ಕೋರ್ಟಲ್ಲಿ ಗಟ್ಟಿಯಾದ್ರೆ ಉಳಿದೋರು ಸುಮ್ನಿರ್ತಾರಾ? ನಮ್ಮ ಕಾಪೀಲಿ ಆ ಬರಹ ಇಲ್ಲ. ಆಮೇಲೆ ಅವ್ಳೇ ಯಾರ ಕೈಲೋ ಬರೆಸ್ಕೊಂಡಿದ್ದಾಳೆ ಅಂತ ಹಾಕಿ. ಮೂರು ಹೊಸ ಬ್ರಾಂಚ್ ತೆಗೀತಿದ್ದೀನಿ, ಅವೂ ನಿಮಗೇ. ಇಲ್ಲಾಂದ್ರೆ ನಾನು ಬೇರೆಯವ್ರನ್ನ ನೋಡ್ಬೇಕಾಗತ್ತೆ ಸರ್. ತಪ್ಪು ತಿಳ್ಕೋಬೇಡಿ."

ಅಂದು ಸಂಜೆ ವೀರಣ್ಣನವರು ಎದುರುತ್ತರ ಬರೆಯಲು ಕೂತರು. ಅವಳು ಬರೆಸಿಕೊಂಡಿದ್ದಾಳೆ ಎಂದು ಬರೆಯಲು ಕೈ ಬರಲಿಲ್ಲ. ಬರೆಯದೆ ಇರಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ವಾಕ್ಯ ಹೊಳೆಯಿತು: 'ಕಂಪನಿಯ ಪ್ರತಿಯಲ್ಲಿ ಸದರಿ ಬರಹವು ಕಂಡುಬರುವುದಿಲ್ಲ.' ಪೂರ್ತಿ ಸತ್ಯ, ಆದರೂ ಕಂಪನಿಗೆ ಅನುಕೂಲ. ವೀರಣ್ಣನವರು ಅದನ್ನು ಎರಡು ಸಲ ಓದಿ ತಮ್ಮ ಜಾಣತನಕ್ಕೆ ತಾವೇ ತಲೆದೂಗಿದರು. ಟೈಪು ಮಾಡಿದ ಮುಕ್ತಾರ್ ತಲೆದೂಗಲಿಲ್ಲ.

"ಸಾಬ್, ಸೀಲು ನಾನೇ ಹೊಡ್ದಿದ್ದೆ," ಎಂದಷ್ಟೇ ಹೇಳಿ, ಛತ್ರಿ ತೆಗೆದುಕೊಂಡು ಮನೆಗೆ ಹೋದ.

ಮನೆಯಲ್ಲಿ ಸಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಗಳಲ್ಲಿರುವ ಕಲಬುರಗಿ, ಯಾದಗಿರಿ ಕಡೆಯ ಹುಡುಗರಿಗೆ ದಿನಾ ಎಂಬತ್ತು ಜೋಳದ ರೊಟ್ಟಿ ಅವಳ ಕೈಯಿಂದ ಹೋಗುತ್ತಿದ್ದವು. ವೀರಣ್ಣನವರು ಆ ಜಾಣ ವಾಕ್ಯವನ್ನು ಅವಳಿಗೂ ಹೇಳಿದರು. ಸಂಗಮ್ಮ ರೊಟ್ಟಿ ತಿರುವಿ ಹಾಕಿ ಕೇಳಿದಳು:

"ಆ ಅಕ್ಷರ ಯಾರ್ದರಿ?"

"ನಂದೇ."

"ಮತ್ತ ಕಂಪನಿ ಕಾಗದದಾಗ ಯಾಕ ಹುಡುಕ್ಲಾಕತ್ತೀರಿ?"

"ಹಂಗಲ್ಲ ಮಾರಾಯ್ತಿ. ಅವಾ ಕೈ ಬಿಟ್ರ ಈ ಮನಿ ಬಾಡಿಗಿ ಎಲ್ಲಿಂದ ಕೊಡೋದು?"

"ಎಂಬತ್ತಕ್ಕ ನೂರಾ ಐವತ್ತು ಬಡಿದ್ರ ಬಾಡಿಗಿ ಹೊಂಡ್ತದ. ಕೈ ನನ್ವು, ನಾ ನೋಡ್ಕೋತೀನಿ. ಅಕ್ಷರ ನಿಮ್ದು, ಅದನ್ನ ನೀವು ನೋಡ್ಕೋರಿ." ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ ಮತ್ತೆ ಹೇಳಿದಳು: "ಊಟಕ್ಕ ಏಳ್ರಿ. ಜಾಣರು ಉಪಾಸ ಇರಬಾರ್ದು."

ಮೆಯೋ ಹಾಲ್ ಕೋರ್ಟಿನಲ್ಲಿ ಪ್ರಕರಣ ಕರೆದಾಗ ಹನ್ನೆರಡು ಗಂಟೆ. ಮುನಿಗಂಗಮ್ಮ ಹಿಂದಿನ ಬೆಂಚಿನಲ್ಲಿ, ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಿಷನ್ ಹೋಗಿ ಮೂರು ವಾರವಾಗಿತ್ತು, ಅಪಾರ್ಟ್‌ಮೆಂಟಿನವರು ಬೇರೆ ಹಿಟ್ಟು ಹುಡುಕಿಕೊಳ್ಳುತ್ತಿದ್ದರು. ಕಿರಣಕುಮಾರ ಎರಡನೇ ಬೆಂಚಿನಲ್ಲಿದ್ದ. ನಿವೃತ್ತಿಗೆ ಹತ್ತಿರವಿದ್ದ ನ್ಯಾಯಾಧೀಶರು ಎದುರುತ್ತರವನ್ನು ಓದಿ ವೀರಣ್ಣನವರ ಕಡೆ ನೋಡಿದರು.

"ಕಂಪನಿಯ ಪ್ರತಿಯಲ್ಲಿ ಕಂಡುಬರುವುದಿಲ್ಲ ಅಂತ ಬರೆದಿದ್ದೀರಿ. ಒಪ್ಪಿದೆ. ಈಯಮ್ಮನ ಪ್ರತಿಯಲ್ಲಿ ಕಂಡುಬರ್ತಾ ಇದೆಯಲ್ಲ ವಕೀಲರೇ, ಇದು ಯಾರ ಕೈಬರಹ?"

ಇಷ್ಟು ನೇರವಾದ ಪ್ರಶ್ನೆಗೆ ಆ ಜಾಣ ವಾಕ್ಯದಲ್ಲಿ ಜಾಗವಿರಲಿಲ್ಲ. ಕಕ್ಷಿದಾರರ ಸೂಚನೆ ಪಡೆದು ಹೇಳುತ್ತೇನೆ, ಕಾಲಾವಕಾಶ ಬೇಕು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಇನ್ನೊಂದು ತಿಂಗಳು ಸಿಗುತ್ತಿತ್ತು, ಹಿಂದಿನ ಬೆಂಚಿನವಳಿಗೆ ಇನ್ನೊಂದು ತಿಂಗಳು ಹೋಗುತ್ತಿತ್ತು.

"ನನ್ನದೇ ಸ್ವಾಮಿ."

ಎರಡನೇ ಬೆಂಚಿನಲ್ಲಿ ಕಿರಣಕುಮಾರ ಕಣ್ಣು ಮುಚ್ಚಿಕೊಂಡ.

"ಓದಿ ಹೇಳಿದ್ದೂ ನಿಜವೇ?"

"ನಿಜ ಸ್ವಾಮಿ. ಒಂದೂ ಮುಕ್ಕಾಲು ಗಂಟೆ ಹಿಡೀತು."

ನ್ಯಾಯಾಧೀಶರು ಪುಟ ತಿರುವುತ್ತಾ ಎಂಟರಲ್ಲಿ ನಿಂತರು. ಹುಬ್ಬು ಮೇಲೇರಿತು. "ಗ್ರೈಂಡರಿಗೆ ಲಂಗರು ಯಾಕ್ರೀ?" ಎಂದರು. ಕೋರ್ಟೆಲ್ಲ ನಕ್ಕಿತು. ವೀರಣ್ಣನವರು 1998ರ ಊಟದ ಹೊತ್ತಿನ ಕಥೆಯನ್ನು ಚುಟುಕಾಗಿ ಹೇಳಿದರು. ನಗು ಅಡಗಿದ ಮೇಲೆ ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಸೀಲು ನಾನು ಬೇರೆ ಕೇಸುಗಳಲ್ಲೂ ನೋಡಿದ್ದೀನಿ. ಅವರಿಗೆಲ್ಲ ಹೀಗೇ ಓದಿ ಹೇಳಿದ್ದೀರಾ?"

ಈ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದೇನೂ ಇರಲಿಲ್ಲ. ಈ ದಾವೆಗೆ ಸಂಬಂಧವಿಲ್ಲ ಎಂದರೆ ಕಾನೂನಿನ ಪ್ರಕಾರ ಸರಿಯೇ. ವೀರಣ್ಣನವರು ತಲೆ ತಗ್ಗಿಸಿ ತಮ್ಮ ಬಲಗೈ ನೋಡಿಕೊಂಡರು.

"ಇಲ್ಲ ಸ್ವಾಮಿ. ಇವರೊಬ್ಬರಿಗೇ. ಇವರೊಬ್ಬರೇ ಕೇಳಿದ್ದು."

ಎರಡು ದಿನದಲ್ಲಿ ಗ್ರೈಂಡರು ವಾಪಸು ಕೊಡಬೇಕು, ಬಾಕಿ ಎರಡು ಕಂತನ್ನು ಮೂರು ತಿಂಗಳಲ್ಲಿ ಹಂಚಿ ಕಟ್ಟಬೇಕು ಎಂದು ಆದೇಶವಾಯಿತು. ವೀರಣ್ಣನವರು ಅಂದೇ ಕಂಪನಿಯ ವಕಾಲತ್ತು ಬಿಟ್ಟರು. ಬಿಡದಿದ್ದರೂ ಅದು ಇರುತ್ತಿರಲಿಲ್ಲ. ಮರುದಿನ ಕಿರಣಕುಮಾರನ ಜನ ಬಂದು ಫೈಲುಗಳನ್ನು ಆಟೋದಲ್ಲಿ ತುಂಬಿಕೊಂಡು ಹೋದರು, ಸೀಲನ್ನು ಮರೆತು ಬಿಟ್ಟುಹೋದರು.

ಹತ್ತು ದಿನ ಆಫೀಸಿಗೆ ಹತ್ತಿಯ ನಾರು ಬಿಟ್ಟರೆ ಯಾರೂ ಬರಲಿಲ್ಲ. ಕೆಮ್ಮುವ ಸಂದರ್ಭವಿಲ್ಲದೆ ಮುಕ್ತಾರನ ಗಂಟಲು ಪೂರ್ತಿ ವಾಸಿಯಾಯಿತು. ವೀರಣ್ಣನವರು ಬಾಡಿಗೆಯ ಲೆಕ್ಕ ಹಾಕುತ್ತಲೇ ದಿನಾ ಬಂದು ಕೂರುತ್ತಿದ್ದರು. ಆದರೆ ಸಂಜೆಯ ಬಿಸ್ಕತ್ತನ್ನು ಈಗ ಬಲಗೈಯಲ್ಲೇ ಅದ್ದುತ್ತಿದ್ದರು, ಅದೊಂದು ಸುಖ.

ಹನ್ನೊಂದನೇ ದಿನ ಮೆಟ್ಟಿಲ ಮೇಲೆ ಸದ್ದಾಯಿತು. ಮುನಿಗಂಗಮ್ಮ, ಕೈಯಲ್ಲಿ ಎರಡು ಪ್ಯಾಕೆಟ್ ಹಿಟ್ಟು. ಹಿಂದೆ ಇನ್ನೊಬ್ಬಳು, ಸಣ್ಣ ದೇಹದವಳು, ಏದುಸಿರು ಬಿಡುತ್ತಾ.

"ಇವ್ಳು ಅಯ್ಯಮ್ಮ, ನಮ್ ನಾದಿನಿ. ಕೆ.ಆರ್. ಪುರದಾಗವ್ಳೆ. ಹೊಲಿಗೆ ಮಿಷನ್‌ಗೆ ಸಾಲ ತಕ್ಕೊತಾಳಂತೆ, ಬೇರೆ ಕಂಪ್ನೀಲಿ. ಇನ್ನೂ ಸೈನ್ ಹಾಕಿಲ್ಲ, ನಾನೇ ತಡುದ್ದೀನಿ. ಓದೇಳಿ." ಆಮೇಲೆ ಮುಕ್ತಾರನ ಕಡೆ ತಿರುಗಿದಳು. "ಫೀಸು ನಿಮ್ ಕೈಗೆ ಕೊಡ್ತೀವಣ್ಣ. ಇವ್ರು ಕೇಳಾಕಿಲ್ಲ ಅಂತ ಗೊತ್ತು."

ಬೇರೆ ಕಂಪನಿ, ಬೇರೆ ಹೆಸರು, ಮೇಲೆ ಬಣ್ಣದ ಲಾಂಛನ. ವೀರಣ್ಣನವರ ಬೆರಳು ಯಾಕೋ ತಾನಾಗಿಯೇ ಎಂಟನೇ ಪುಟಕ್ಕೆ ಹೋಯಿತು. ಓದಿದರು. ಇನ್ನೊಮ್ಮೆ ಓದಿದರು. ಲಂಗರು, ಹಾಯಿ, ಹಗ್ಗ, ಅದೇ ಕ್ರಮದಲ್ಲಿ. ಕಂಪನಿಯ ಒಪ್ಪಿಗೆ ಇಲ್ಲದೆ ಬಂದರು ಬಿಡಕೂಡದು. ಅವರ ನಮೂನೆಯನ್ನು ಯಾರೋ ಎತ್ತಿಕೊಂಡಿದ್ದರು, ಅವರಿಂದ ಇನ್ಯಾರೋ. ಅವರೂ ಯಾರೂ ಎಂಟನೇ ಪುಟದವರೆಗೆ ಓದಿರಲಿಲ್ಲ. ಪುಟ ಮಗುಚಿದರೆ ಹತ್ತರಲ್ಲಿ ಹದಿನೇಳನೇ ಷರತ್ತೂ ಹಾಗೇ ಕೂತಿತ್ತು: ಯಾವ ಹೊತ್ತಿನಲ್ಲಾದರೂ.

ವೀರಣ್ಣನವರಿಗೆ ನಗು ಬಂತು. ನಗುತ್ತಿದ್ದಂತೆ, ಈ ಕಾಗದ ಇನ್ನೆಷ್ಟು ಮನೆಗಳ ಕಪಾಟಿನಲ್ಲಿರಬಹುದೆಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟರು. ಬರೆದವರು ಅವರೇ. ಇಷ್ಟು ದೂರ ತೇಲಿಹೋದದ್ದನ್ನು ಹಿಂದಕ್ಕೆ ಕರೆಯಲು ಉಳಿದ ಆಯುಷ್ಯ ಸಾಕಾಗುವುದೋ ಇಲ್ಲವೋ.

"ಅಲ್ಲಿಂದ್ಯಾಕೆ ಶುರು ಮಾಡುದ್ರಿ?" ಮುನಿಗಂಗಮ್ಮ ಗದರಿದಳು. "ಮೊದ್ಲಿಂದ ಓದಿ."

ವೀರಣ್ಣನವರು ಕಣ್ಣೊರೆಸಿಕೊಂಡು ಕನ್ನಡಕ ಏರಿಸಿದರು. ಹನ್ನೊಂದು ಸಾಲಿನ ಆ ಮೊದಲ ವಾಕ್ಯದಲ್ಲಿ ಕರ್ತೃ ಎಲ್ಲಿರುತ್ತಾನೆಂದು ಈಗ ಅವರಿಗೆ ಗೊತ್ತಿತ್ತು. ಮುಕ್ತಾರ್ ಚಹಾಕ್ಕೆ ಹೇಳಿ ಬಂದು, ಅಭ್ಯಾಸಬಲದಿಂದ ಸೀಲಿನ ಡಬ್ಬಿ ತೆರೆದು ಮೇಜಿನ ಮೇಲಿಟ್ಟ.

"ಈಗಲ್ಲ ಮುಕ್ತಾರ್," ಎಂದರು ವೀರಣ್ಣನವರು. "ಓದಿದ ಮೇಲೆ."